ಸೂಚಕರ ಸಹಿ

ಬಸ್ರೂರು
ತಾ. ೨-೨-೧೯೭೨, ಬುಧವಾರ

ನನ್ನ ಮಗ ರಾಜೀವನಿಗೆ, ಮನೆಯ ಚಾವಡಿಯಲ್ಲಿ ಕುಳಿತು ನಿನ್ನ ತಾಯಿ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನೂ ಸುಗುಣಳೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಂಬಿದ್ದೇನೆ ಎಂದು ಯಾಕೆ ಬರೆದೆನೆಂದರೆ, ನಿನ್ನ ನಾಲ್ಕು ಪುಟದ ಕಾಗದದಲ್ಲಿ ಹೆಂಡತಿ ಮಕ್ಕಳ ಸುದ್ದಿ ಒಂದು ಸಾಲೂ ಇರಲಿಲ್ಲ. ಇದ್ದದ್ದೆಲ್ಲ ಚುನಾವಣೆಯೇ. ಮುಂಬಯಿಯಲ್ಲಿ ಹೋಟೆಲು ನಡೆಸುವವನಿಗೆ ಊರಿನ ಮೇಲೆ ಇಷ್ಟೊಂದು ಪ್ರೀತಿ ಉಕ್ಕಿದ್ದು ಕಂಡು ಸಂತೋಷವೇ ಆಯಿತು. ಹೋದ ವರ್ಷ ನನಗೆ ಜ್ವರ ಬಂದು ಇಪ್ಪತ್ತು ದಿನ ಮಲಗಿದ್ದಾಗ ನೀನು ಬರೆದದ್ದು ಒಂದು ಕಾರ್ಡು.

ಕಾಗದದೊಳಗೆ ಮಡಚಿಟ್ಟ ನಾಮಪತ್ರದ ಫಾರಮ್ಮೂ ಸಿಕ್ಕಿದೆ. ‘ಸೂಚಕರ ಸಹಿ’ ಎಂದು ಅಚ್ಚಾದಲ್ಲಿ ನೀನು ಪೆನ್ಸಿಲಿನಿಂದ ಗುರುತು ಹಾಕಿದ್ದೀ, ಅಮ್ಮ ಇಲ್ಲಿ ಸಹಿ ಹಾಕಬೇಕು ಎಂದು. ನಿನ್ನ ಸೋದರಮಾವ ಹತ್ತು ವರ್ಷ ಎಂ.ಎಲ್.ಎ. ಆಗಿದ್ದು ಈಗ ತಾನು ನಿಲ್ಲುವುದಿಲ್ಲ ಎಂದ. ಪಕ್ಷದವರು ಯಾರನ್ನು ನಿಲ್ಲಿಸೋಣ ಎಂದು ಕೇಳಿದರೆ ಸ್ವಂತ ಅಳಿಯನ ಹೆಸರು ಬಿಟ್ಟು ಪಡುಕೇರಿಯ ಜಲಜ ಟೀಚರ ಹೆಸರು ಬರೆದುಕೊಟ್ಟ. ಆದ್ದರಿಂದ ನೀನು ಪಕ್ಷೇತರನಾಗಿ ಅವಳ ಎದುರು ನಿಲ್ಲುತ್ತೀ, ನಾನು ಸೂಚಕಳಾಗಬೇಕು, ಆಮೇಲೆ ನಿನ್ನ ಜೊತೆ ಮನೆ ಮನೆಗೆ ಬರಬೇಕು. ನಿನ್ನ ಕಾಗದದ ಸಾರ ಇಷ್ಟೇ ತಾನೇ? ಉಳಿದ ಮೂರೂವರೆ ಪುಟ ಮಾವನಿಗೆ ಬೈಗುಳ.

ಸಹಿ ಹಾಕುವವರು ಊರಲ್ಲಿ ಬೇಕಾದಷ್ಟು ಸಿಗುತ್ತಾರೆ. ಚಹಾದಂಗಡಿಯ ದೇವು ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಹತ್ತು ಫಾರಮ್ಮಿಗೆ ಸಹಿ ಹಾಕಿಯಾನು. ಆದರೂ ನಿನಗೆ ನನ್ನ ಸಹಿಯೇ ಬೇಕು. ಚಂದಯ್ಯ ಹೆಗ್ಡೆಯ ಅಕ್ಕನೇ ಮಗನ ಕಡೆ ನಿಂತಳು ಎಂಬ ಮಾತು ಹಬ್ಬಿದರೆ ಜಲಜ ಅಲ್ಲಿಗೇ ಅರ್ಧ ಸೋತ ಹಾಗೆ. ನೀನು ದಡ್ಡನಲ್ಲ. ಅದು ನನಗೆ ನೀನು ಹುಟ್ಟಿದಂದಿನಿಂದಲೂ ಗೊತ್ತು.

ಮೊದಲು ನಿನ್ನ ಎರಡು ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಈ ಪೆನ್ನು ಮುಂದೆ ಹೋಗುವುದಿಲ್ಲ. ಜಲಜಳನ್ನು ಮೀನು ಮಾರುವವರ ಮನೆಯ ಹುಡುಗಿ ಎಂದು ಬರೆದಿದ್ದೀಯಲ್ಲ, ನಿನ್ನ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಬಂಗುಡೆ ಇಲ್ಲದ ದಿನ ಎಷ್ಟು ಜನ ಬರುತ್ತಾರೆ ಎಂದು ಒಮ್ಮೆ ಎಣಿಸಿ ನೋಡು. ಇನ್ನೊಂದು ಅಳಿಯಸಂತಾನದ ಮಾತು. ಮಾವನದು ಅಳಿಯನಿಗೆ ಬರುವುದು ನಮ್ಮ ಹಿರಿಯರ ಕಟ್ಟು ಎಂದಿದ್ದೀ. ಗದ್ದೆಗೆ ಆ ಕಟ್ಟು ಇತ್ತು, ನಿಜ. ವಿಧಾನಸಭೆ ನಮ್ಮ ಕುಟುಂಬದ ಬೈಲುಗದ್ದೆ ಎಂದು ನಿನಗೆ ಯಾರು ಹೇಳಿದರು? ಈ ಮಾತು ಮಾವನ ಕಿವಿಗೆ ಬಿದ್ದರೆ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡಾನು ಎಂದು ಅವನಿಗೆ ಓದಿ ಹೇಳಲಿಲ್ಲ.

ಅಷ್ಟಕ್ಕೂ ನಿನಗೆ ನಿನ್ನ ಮಾವ ಎಂಥವನೆಂದು ಗೊತ್ತಿಲ್ಲ ಮಗಾ. ಹದಿನಾರು ವರ್ಷಕ್ಕೆ ಮುಂಬಯಿ ಬಸ್ಸು ಹತ್ತಿದವನು ನೀನು. ರಜೆಗೆ ಬಂದಾಗ ಕಂಡದ್ದು ಚಾವಡಿಯ ತುಂಬ ಜನ, ಜೀಪು, ಹಾರ. ಅದಕ್ಕಿಂತ ಹಿಂದಿನದ್ದನ್ನು ನಾನು ಬರೆಯುತ್ತೇನೆ, ಓದು. ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು, ಅವನ ಮೂಗು ಒರೆಸಿದವಳು, ಹಾಗಾಗಿ ಹೊಗಳಿಕೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೆ ಸುಧಾರಿಸಿಕೋ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅವನು ಪಟೇಲ. ಅದಕ್ಕೂ ಮೊದಲಿನಿಂದ ಊರವರ ಅರ್ಜಿಗಳನ್ನೆಲ್ಲ ಈ ಚಾವಡಿಯಲ್ಲೇ ಕೂತು ಬರೆದುಕೊಡುತ್ತಿದ್ದ. ಮದ್ರಾಸಿಗೆ ಹೋಗುವುದನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಸಲು ಕುಂದಾಪುರದ ವಕೀಲರ ಹತ್ತಿರ ಓಡಬೇಕಾಗಿತ್ತು. ಐವತ್ತಾರರ ನವೆಂಬರಿನಲ್ಲಿ ಒಂದು ದಿನ ಅಂಗಳದಿಂದಲೇ ಕೂಗುತ್ತಾ ಬಂದ, “ಅಕ್ಕಾ, ಇನ್ ಮೇಲೆ ನಮ್ ಕಷ್ಟ ಕನ್ನಡದಂಗೇ ಹೇಳ್ಲಕ್ಕ್!” ಎಂದು. ಆ ಸಂತೋಷದಲ್ಲೇ ಪಟೇಲಿಕೆಗೆ ರಾಜೀನಾಮೆ ಕೊಟ್ಟು ಮುಂದಿನ ವರ್ಷದ ಚುನಾವಣೆಗೆ ನಿಂತ. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ನಾನು ಎರಡು ದಿನ ಮಾತು ಬಿಟ್ಟಿದ್ದೆ, ಅದು ಅವನ ಗಮನಕ್ಕೇ ಬರಲಿಲ್ಲ.

ಆ ಸಲ ಅವನು ಸೋತ. ಹೇಗೆ ಸೋತನೆಂದು ನಿನಗೆ ಯಾರೂ ಹೇಳಿರಲಾರರು, ಯಾಕೆಂದರೆ ಸೋಲಿಸಿದವರು ನಾವೇ.

ನಮ್ಮಲ್ಲಿ ಹೇಳಿಕೆ ಎಂದರೆ ಏನು ಎಂಬುದು ಮುಂಬಯಿಯಲ್ಲಿ ಮರೆತುಹೋಗಿದ್ದರೆ ನೆನಪು ಮಾಡುತ್ತೇನೆ. ಮದುವೆಯಿರಲಿ, ಗೃಹಪ್ರವೇಶವಿರಲಿ, ಮನೆಯವರೇ ಬಂದು ಜಗಲಿ ಹತ್ತಿ, ಕೂತು, ಬೆಲ್ಲ ನೀರು ಕುಡಿದು, ಬಾಯಿಬಿಟ್ಟು ಕರೆಯಬೇಕು. ಬರಿ ಕಾಗದ ಕಳಿಸಿದರೆ, ದಾರಿಯಲ್ಲಿ ಸಿಕ್ಕಾಗ ಹೇಳಿದರೆ, ಅದು ಹೇಳಿಕೆಯಲ್ಲ. ಹೇಳಿಕೆಯಿಲ್ಲದ ಮನೆಗೆ ಸ್ವಂತ ಅಣ್ಣ ತಮ್ಮಂದಿರೂ ಕಾಲಿಡುವುದಿಲ್ಲ. ಐವತ್ತೇಳರಲ್ಲಿ ನಿನ್ನ ಮಾವ ಸೈಕಲ್ಲು ಹತ್ತಿ, ಹೊಳೆ ದಾಟಿ, ಕಂಡು ಕೇಳದ ಊರುಗಳಲ್ಲೆಲ್ಲ ಮನೆ ಮನೆಗೆ ಹೋಗಿ ಕೈಮುಗಿದ. ನಮ್ಮ ಕೇರಿಗೆ ಮಾತ್ರ ಬರಲಿಲ್ಲ. ನಮ್ಮವರಲ್ಲವೇ, ಅವರಿಗೆ ಬೇರೆ ಹೇಳಬೇಕೇ ಎಂದುಕೊಂಡ.

ವೋಟಿನ ದಿನ ನಮ್ಮ ಕುಟುಂಬದ ಮನೆಗಳಲ್ಲೆಲ್ಲ ಜನ ಬೆಳಿಗ್ಗೆಯೇ ಮಿಂದು, ಪೆಟ್ಟಿಗೆಯಲ್ಲಿದ್ದ ಸೀರೆ ಪಂಚೆ ಉಟ್ಟು, ಚಾವಡಿಯಲ್ಲಿ ಕೂತು ಕಾದರು. ಯಾರಾದರೂ ಬಂದು ಕರೆಯಬೇಕಲ್ಲ! ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಗಂಜಿ ಉಂಡು ಮತ್ತೆ ಕೂತರು. ಸಂಜೆಗೆ ಪೆಟ್ಟಿಗೆಗಳಿಗೆ ಮುದ್ರೆ ಬಿತ್ತು, ಇವರು ಸೀರೆ ಮಡಚಿಟ್ಟರು. ಇನ್ನೂರ ಹನ್ನೆರಡು ವೋಟಿನಿಂದ ಅವನು ಸೋತ. ನಮ್ಮವರ ವೋಟೇ ಮುನ್ನೂರಕ್ಕೆ ಮೇಲಿತ್ತು.

ನಮ್ಮ ಪದ್ದು ಚಿಕ್ಕಿಯನ್ನು ನಾನೇ ಹೋಗಿ ಕೇಳಿದೆ, ಯಾಕೆ ಹೋಗಲಿಲ್ಲ ಎಂದು. ಮುದುಕಿ ವೀಳ್ಯ ಜಗಿಯುತ್ತಾ, “ಹೇಳ್ಕಿ ಇಲ್ದೆ ಹ್ಯಾಂಗ್ ಹೋಪುದ್ ಕುಸುಮಾ? ಕರೀದಿದ್ ಮನಿಗ್ ಹೋಪುದ್ ನಾಯಿ ಮಾತ್ರ” ಎಂದಳು. ಈಗ ನಿನಗೆ ಹೇಳುತ್ತೇನೆ, ನಗಬೇಡ. ಆ ದಿನ ನಾನೂ ಹೋಗಿರಲಿಲ್ಲ. ಹಸಿರು ಕಂಚಿ ಸೀರೆ ಉಟ್ಟು ಸಂಜೆಯವರೆಗೆ ಈ ಕಂಬಕ್ಕೆ ಒರಗಿ ಕೂತಿದ್ದೆ. ಸ್ವಂತ ಅಕ್ಕನಿಗೆ, ಅಕ್ಕಾ ನೀನು ಬಾ ಎನ್ನಲು ಇವನಿಗೆ ಬಾಯಿಗೆ ಏನು ಬಂದಿತ್ತು ಎಂದು ಸಿಟ್ಟು.

ಅವನಿಗೆ ಇದು ತಿಳಿದದ್ದು ಫಲಿತಾಂಶ ಬಂದ ಮೂರನೆಯ ದಿನ. ಬೇರೆಯವನಾಗಿದ್ದರೆ ಕುಟುಂಬದವರ ಮೇಲೆ ಹಾರಾಡುತ್ತಿದ್ದ. ಇವನು, “ತಪ್ಪ್ ನಂದೇ ಅಕ್ಕ. ನಮ್ಮವ್ರ್ ಅಂದ್ಹೇಳಿ ಬಿಟ್ಟೆ” ಎಂದ. ಶರ್ಟು ಹಾಕಿಕೊಂಡು ಆಗಲೇ ಪದ್ದು ಚಿಕ್ಕಿಯ ಮನೆಗೆ ಹೋಗಿ, ಬೆಲ್ಲ ನೀರು ಕುಡಿದು, ಮುಂದಿನ ಚುನಾವಣೆಗೆ ಐದು ವರ್ಷ ಮೊದಲೇ ಹೇಳಿಕೆ ಕೊಟ್ಟು ಬಂದ! ಅಲ್ಲಿಂದ ಮನೆಗೆ ಬಂದು ನನ್ನೆದುರು ನಿಂತು ನನಗೂ ಹೇಳಿದ. ನಾನು ಅತ್ತುಬಿಟ್ಟೆ.

ಅರವತ್ತೆರಡರಲ್ಲಿ ನಾನೂ ಅವನ ಜೊತೆ ಹೊರಟೆ. ಅವನು ಜಗಲಿಯಲ್ಲಿ ಗಂಡಸರ ಹತ್ತಿರ ಕೂತರೆ ನಾನು ಒಳಗೆ ಹೆಂಗಸರ ಹತ್ತಿರ. ಜಗಲಿಯಲ್ಲಿ ಗಂಡಸರು ಜವಾಹರಲಾಲರಿಂದ ಹಿಡಿದು ಚೀನಾದವರೆಗೆ ಮಾತಾಡುತ್ತಿದ್ದರು. ಒಲೆಯ ಬದಿಯಲ್ಲಿ ಹೆಂಗಸರು ಹೇಳುತ್ತಿದ್ದದ್ದು ಬೇರೆ. ಬೇಸಿಗೆಯಲ್ಲಿ ಬಾವಿಗೆ ಉಪ್ಪುನೀರು ಬರುತ್ತದೆ, ಹೆರಿಗೆಗೆ ದಾದಿ ಇಲ್ಲ, ಹೆಣ್ಣುಮಕ್ಕಳು ಶಾಲೆಗೆ ಹೊಳೆ ದಾಟಬೇಕು. ದಾರಿಯಲ್ಲಿ ನಾನು ಅದನ್ನೆಲ್ಲ ಹೇಳಿದರೆ ಅವನು ಮರದ ನೆರಳಿನಲ್ಲಿ ನಿಂತು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಮೇಲೆ ‘ಅಕ್ಕ ಹೇಳಿದ್ದು’ ಎಂದು ತಲೆಬರಹ. ಆ ಪುಸ್ತಕ ಬೆಂಗಳೂರಿಗೂ ಹೋಯಿತು, ಅವನು ಗೆದ್ದನಲ್ಲ. ನಾಲ್ಕನೇ ಕ್ಲಾಸು ಓದಿದ ನನ್ನ ಮಾತು ವಿಧಾನಸೌಧದಲ್ಲಿ ಕೇಳಿಸಿತು ಎಂದು ನನಗೆ ಎಷ್ಟು ಹೆಮ್ಮೆ ಎಂಬುದನ್ನು ಇವತ್ತಿನವರೆಗೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಮೊದಲ ಸಲ ಅಲ್ಲಿ ಎದ್ದು ನಿಂತಾಗ ಅವನ ಬಾಯಿಗೆ ಬಂದದ್ದು ನಮ್ಮ ಕುಂದಾಪುರದ ಮಾತೇ. ಸದನವೆಲ್ಲ ಗೊಳ್ಳೆಂದು ನಕ್ಕಿತಂತೆ. ಇವನೂ ಅವರ ಜೊತೆ ನಕ್ಕು, “ನಗಾಡಿ, ಅಡ್ಡಿಲ್ಲೆ. ಬರ್ಕಣಿ ಮಾತ್ರ” ಎಂದನಂತೆ. ಬರೆದುಕೊಂಡರು. ಆ ವರ್ಷವೇ ಪಡುಕೇರಿಗೆ ಸಿಹಿನೀರ ಬಾವಿ ಆಯಿತು.

ಸೇತುವೆಯ ಕಥೆ ನಿನಗೆ ಗೊತ್ತಿರಬೇಕು, ಆದರೂ ಬರೆಯಲು ನನಗೆ ಖುಷಿ. ಪಡುಕೇರಿ ಕಡವಿನಲ್ಲಿ ದೋಣಿ ಇರುವುದರಿಂದ ಸೇತುವೆ ಅನಗತ್ಯ ಎಂದು ಒಬ್ಬ ಎಂಜಿನಿಯರು ಬರೆದಿದ್ದ. ನಿನ್ನ ಮಾವ ಜಗಳ ಮಾಡಲಿಲ್ಲ. ಜುಲೈ ತಿಂಗಳಲ್ಲಿ ಆ ಎಂಜಿನಿಯರನ್ನು ಮರ್ಯಾದೆಯಿಂದ ಕರೆಸಿ, ಬನ್ನಿ, ಆಚೆ ದಡ ತೋರಿಸುತ್ತೇನೆ ಎಂದು ಕಡವಿಗೆ ಕರೆದುಕೊಂಡು ಹೋದ. ಹೊಳೆ ಎರಡೂ ದಡ ತುಂಬಿ ಹೋಗುತ್ತಿತ್ತು. ದೋಣಿಯ ಮುತ್ತ ದೋಣಿ ಇಳಿಸುವುದಿಲ್ಲ ಎಂದ. ಎಂಜಿನಿಯರು ಓಲೆಗೊಡೆಯ ಕೆಳಗೆ ಕಲ್ಲಿನ ಮೇಲೆ ಕೂತ. ಮಧ್ಯಾಹ್ನ ಮುತ್ತನ ಮನೆಯಿಂದ ಗಂಜಿ ಚಟ್ನಿ ಬಂತು. ಮೂರು ಗಂಟೆಗೆ, ವಾಪಸು ಹೋಗೋಣವೇ ಎಂದು ಅವನು ಕೇಳಿದ್ದಕ್ಕೆ ಇವನು, “ಆಚಿಬದಿ ಹುಷಾರಿಲ್ದವ್ರಿಗೆ ವಾಪಸ್ ಹೋಪುಕೆ ಆತಿಲ್ಲೆ ಮಾರ್ರೆ, ಇನ್ನ್ ಚೂರ್ ಕೂಕಣಿ” ಎಂದ. ಮುಂದಿನ ವಾರವೇ ಸೇತುವೆ ತುರ್ತಾಗಿ ಬೇಕು ಎಂಬ ವರದಿ ಹೋಯಿತು. ಕಂಬ ಏಳಲು ಮೂರು ವರ್ಷ, ಹಲಗೆ ಕೂರಲು ಮತ್ತೆರಡು ವರ್ಷ ಹಿಡಿಯಿತು. ಅರವತ್ತೊಂಬತ್ತರಲ್ಲಿ ಅದರ ಮೇಲೆ ಮೊದಲ ಬಸ್ಸು ಹೋಗುವಾಗ ಮುತ್ತನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಇವನು ಹಿಂದೆ ನಿಂತುಕೊಂಡೇ ಹೋದ. ಮುತ್ತನ ದೋಣಿಯ ಕೆಲಸ ಹೋಗುತ್ತದಲ್ಲ ಎಂದು ಅದಕ್ಕೆ ಮೊದಲೇ ಅವನನ್ನು ರಸ್ತೆ ಕೆಲಸಕ್ಕೆ ಸೇರಿಸಿದ್ದ.

ಬೆಂಗಳೂರಿನಿಂದ ಬರುವಾಗ ಮನೆಗೆ ಎರಡು ಮೈಲು ಇರುವಾಗಲೇ ಬಸ್ಸಿನಿಂದ ಇಳಿದು ನಡೆದು ಬರುವುದು ಅವನ ಕ್ರಮ. ಆ ಎರಡು ಮೈಲಿಗೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಹ್ವಾಯ್ ಹೆಗ್ಡೇರೇ ಎಂದು ಯಾರು ಕೂಗಿದರೂ ನಿಲ್ಲಬೇಕು, ಅವರ ಅಂಗಳಕ್ಕೆ ಹೋಗಬೇಕು. ಈಗ ಮೊಣಕಾಲು ಸೋತಿದೆ. ನಡೆಯಲಾರದವನು ಹೇಳಿಕೆಗೆ ಹೋಗಲಾರ, ಹೇಳಿಕೆಗೆ ಹೋಗಲಾರದವನು ವೋಟಿಗೆ ನಿಲ್ಲಬಾರದು ಎಂದು ತಾನೇ ಹಿಂದೆ ಸರಿದ. ನಿಲ್ಲಿ ನಿಲ್ಲಿ ಎಂದು ಪಕ್ಷದವರು ಎರಡು ಸಲ ಮನೆಗೆ ಬಂದಿದ್ದರು. ಕುರ್ಚಿ ಬಿಡುವವರನ್ನು ನಾನು ಕಂಡದ್ದು ಇವನೊಬ್ಬನನ್ನೇ.

ಇನ್ನು ಬರೆಯಬಾರದು ಎಂದುಕೊಂಡಿದ್ದ ವಿಷಯಕ್ಕೆ ಬರುತ್ತೇನೆ. ಅರವತ್ತೇಳರ ಫೆಬ್ರವರಿ. ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಮಾವನ ಚುನಾವಣೆಗೆಂದು ನೀನು ಮುಂಬಯಿಯಿಂದ ಬಂದು ಜೀಪಿಗೆ ಲೌಡ್‌ಸ್ಪೀಕರು ಕಟ್ಟಿ ಓಡಾಡುತ್ತಿದ್ದೆ. ವೋಟಿಗೆ ಇನ್ನು ನಾಲ್ಕು ದಿನ. ನಾನು ಬೆಳಿಗ್ಗೆ ಹೊಳೆ ದಾಟಿ ಪಡುಕೇರಿಯಲ್ಲಿ ಹೇಳಿಕೆ ಮುಗಿಸಿ ಕಡವಿಗೆ ಬಂದರೆ ಅಲ್ಲಿ ಮಂಚದ ಮೇಲೆ ವನಜ, ಜಲಜಳ ಅತ್ತಿಗೆ. ಮೊದಲ ಹೆರಿಗೆ, ಮುಂಜಾವಿನಿಂದ ನೋವು, ಸೂಲಗಿತ್ತಿ ತನ್ನ ಕೈಲಾಗದು ಎಂದಿದ್ದಳು. ಕುಂದಾಪುರದ ಆಸ್ಪತ್ರೆಗೆ ಸಾಗಿಸಬೇಕು. ಸಣ್ಣ ದೋಣಿಗಳೆಲ್ಲ ಮೀನಿಗೆ ಹೋಗಿದ್ದವು. ಎರಡು ದೋಣಿ ಜೋಡಿಸಿ ಹಲಗೆ ಕಟ್ಟಿದ ಮುತ್ತನ ದೊಡ್ಡ ದೋಣಿ ಆಚೆ ದಡದಲ್ಲಿ ಸುಮ್ಮನೆ ನಿಂತಿತ್ತು. ನಾವು ಗಂಟಲು ಹರಿಯುವಂತೆ ಕೂಗಿದೆವು. ಮುತ್ತ ಕೈಯೆತ್ತಿ ಜೀಪಿನ ಕಡೆ ತೋರಿಸಿದ. ಜೀಪಿನ ಮುಂದೆ ಬಿಳಿ ಶರ್ಟು ಹಾಕಿ ನಿಂತಿದ್ದವನು ನೀನು. ಬೆಂಗಳೂರಿನ ದೊಡ್ಡ ನಾಯಕರ ಕಾರು ಬರುವುದಿತ್ತು, ಅಲ್ಲಿಯವರೆಗೆ ದೋಣಿ ಬಿಡಬಾರದು, ಇದು ಎಂ.ಎಲ್.ಎ. ಅವರ ಅಳಿಯನ ಮಾತು ಎಂದಿದ್ದೆಯಂತೆ. ನಿನ್ನ ಲೌಡ್‌ಸ್ಪೀಕರು ಮಾವನ ಗುಣಗಾನ ಮಾಡುತ್ತಿತ್ತು. ಆ ಗದ್ದಲದಲ್ಲಿ ನಿನ್ನ ಹೆತ್ತವಳ ಕೂಗು ನಿನಗೆ ಕೇಳಲಿಲ್ಲ.

ಒಂದೂಕಾಲು ಗಂಟೆ, ರಾಜೀವ.

ಮರಳ ಮೇಲೆ ಒಂದು ಹಳೆಯ ತೂತು ದೋಣಿ ಕವುಚಿ ಬಿದ್ದಿತ್ತು. ಜಲಜ, ಆಗ ಅವಳಿಗೆ ಇಪ್ಪತ್ತನಾಲ್ಕೋ ಏನೋ, ಸೀರೆ ಎತ್ತಿ ಕಟ್ಟಿ ಇನ್ನೊಬ್ಬಳನ್ನು ಸೇರಿಸಿಕೊಂಡು ಅದನ್ನು ನೀರಿಗೆ ಎಳೆದಳು. ಒಬ್ಬಳು ತೆಂಗಿನ ಗೆರಟೆಯಲ್ಲಿ ನೀರು ಮೊಗೆಯುತ್ತಾ, ಇವಳು ಹುಟ್ಟು ಹಾಕುತ್ತಾ ಕಡವಿನಿಂದ ದೂರ, ದಾದಿಯ ಮನೆಯ ಬಳಿಯೇ ಆಚೆ ದಡ ಹತ್ತಿ ಅವಳನ್ನು ಕರೆತಂದಳು. ಆ ದೋಣಿಯಲ್ಲಿ ವನಜಳನ್ನು ಮಲಗಿಸುವ ಹಾಗಿರಲಿಲ್ಲ. ನಾವು ನಾಲ್ವರು ಸೀರೆ ಹಿಡಿದು ಮರೆ ಮಾಡಿದೆವು, ಮರಳ ಮೇಲೆಯೇ ಹೆರಿಗೆಯಾಯಿತು. ಮಗು ಬದುಕಿತು, ತಾಯಿಯೂ ಬದುಕಿದಳು. ಅದು ಆ ದಾದಿಯ ಕೈಗುಣ, ಕೊಲ್ಲೂರಮ್ಮನ ದಯೆ. ಆಮೇಲೆ ದೊಡ್ಡ ದೋಣಿ ಬಂತು, ಕಾರು ಇಳಿಯಿತು, ನೀನೂ ಇಳಿದೆ. ಹಾರದ ಬುಟ್ಟಿ ಹಿಡಿದುಕೊಂಡು ನಮ್ಮಿಂದ ಹತ್ತು ಮಾರು ದೂರದಲ್ಲೇ ನಡೆದುಹೋದೆ, ತಿರುಗಿ ನೋಡಲಿಲ್ಲ.

ನಿನಗೆ ಗೊತ್ತಾಗದೆ ಆದ ತಪ್ಪು ಎಂದು ಮನಸ್ಸಿಗೆ ಹೇಳಿಕೊಂಡೆ. ಊಟಕ್ಕೆ ಕೂತಾಗ ನಡೆದದ್ದೆಲ್ಲ ನಿನಗೆ ಹೇಳಿದೆ. ನೀನು ಅನ್ನ ಕಲಸುತ್ತಾ, “ಒಂದ್ ಗಂಟಿ ಅಲ್ದಾ ಅಬ್ಬಿ? ಹೆರ್ಗಿ ಸುಸೂತ್ರ ಆಯ್ತಲೆ. ಪಡುಕೇರಿ ವೋಟ್ ಎಲ್ಲ್ ಹೋತ್ತ್, ಹ್ಯಾಂಗೂ ನಮ್ದೇ” ಎಂದೆ. ಸಾರು ಕೇಳಿದೆ. ನಾನು ಬಡಿಸಿದೆ.

ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ನಿನ್ನ ಮಾವನಿಗೆ ಆಗಲೇ ಹೇಳಬೇಕಾಗಿತ್ತು, ಹೇಳಲಿಲ್ಲ. ಹೇಳಿದ್ದರೆ ಅವನು ನಿನ್ನನ್ನು ಕರೆದುಕೊಂಡು ಹೋಗಿ ವನಜಳ ಮನೆಯ ಅಂಗಳದಲ್ಲಿ ನಿಲ್ಲಿಸುತ್ತಿದ್ದ, ಚುನಾವಣೆ ಹಾಳಾದರೂ ಸರಿ. ಅವನು ಗೆಲ್ಲಬೇಕು ಎಂದು ನನಗೆ ಆಸೆ. ನೀನು ಬೈಸಿಕೊಳ್ಳಬಾರದು ಎಂದೂ ಆಸೆ. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಇವತ್ತಿನವರೆಗೂ ಅವನಿಗೆ ಗೊತ್ತಿಲ್ಲ. ಪಡುಕೇರಿಯವರೂ ಅವನೆದುರು ಆಡಲಿಲ್ಲ, ಅಷ್ಟು ದೊಡ್ಡ ಮನಸ್ಸು ಅವರದು.

ಮರುದಿನ ಜಲಜ ನಮ್ಮ ಅಂಗಳಕ್ಕೆ ಬಂದಳು. ಒಳಗೆ ಕರೆದು ಕೂರಿಸಿದೆ, ಬೆಲ್ಲ ನೀರು ಕೊಟ್ಟೆ, ಕುಡಿದಳು. ಹೆದರದೆ ನನ್ನ ಮುಖ ನೋಡಿಯೇ ಹೇಳಿದಳು, “ಅಮ್ಮಾ, ನಮ್ ಕೇರಿ ವೋಟ್ ಹೆಗ್ಡೇರಿಗೇ. ಅವ್ರ್ ಬಾವಿ ಕೊಟ್ಟಿರ್, ದಾದಿ ಕೊಟ್ಟಿರ್. ಆರೆ ನಿಮ್ ಮಗ್ನಿಗೆ ಒಂದ್ ಮಾತ್ ಹೇಳಿ, ಅವ್ರ್ ಹೆಗ್ಡೇರ್ ಅಲ್ಲ.” ಅವಳ ಮಾತಿನಲ್ಲಿ ಸಿಟ್ಟಿಗಿಂತ ಲೆಕ್ಕಾಚಾರದ ನ್ಯಾಯವೇ ಹೆಚ್ಚಿತ್ತು. ಕೆಲಸ ಮಾಡಿದವನಿಗೆ ಕೆಲಸದ ಋಣ, ತಪ್ಪು ಮಾಡಿದವನಿಗೆ ತಪ್ಪಿನದು, ಒಂದನ್ನು ತಂದು ಇನ್ನೊಂದಕ್ಕೆ ಸೇರಿಸಲಿಲ್ಲ.

ಮುಂದಿನ ವರ್ಷ ಅವಳು ಪಂಚಾಯತಿ ಮೆಂಬರಾದಳು. ಶಾಲೆಗೆ ಎರಡು ಕೋಣೆ ಬೇಕೆಂದು ನಿನ್ನ ಮಾವನ ಹತ್ತಿರ ಹನ್ನೊಂದು ಸಲ ಬಂದಳು, ಹನ್ನೊಂದನೆಯ ಸಲ ಬೈದೂ ಬೈದಳು. “ಈ ಹೆಣ್ಣ್ ನಂಗೇ ಬೈದ್ಲ್ ಅಕ್ಕ!” ಎಂದು ಇವನು ಖುಷಿಯಿಂದ ಹೇಳಿಕೊಂಡು ತಿರುಗಿದ. ಟೀಚರ ಕೆಲಸಕ್ಕೆ ಈಗ ರಾಜೀನಾಮೆ ಕೊಟ್ಟು ನಿಂತಿದ್ದಾಳೆ. ಹೇಳಿಕೆಗೆಂದು ದಿನಕ್ಕೆ ಎಂಟು ಮೈಲು ನಡೆಯುತ್ತಾಳೆ. ಶಿರೂರಿನ ಕಡೆಯ ನಮ್ಮ ನೆಂಟರು ಮೊದಲ ದಿನ ಅವಳಿಗೆ ಜಗಲಿಯಲ್ಲಿ ಚಾಪೆ ಹಾಕಲಿಲ್ಲವಂತೆ. ಅವಳು ತಾನೇ ಮೂಲೆಯಲ್ಲಿದ್ದ ಚಾಪೆ ಬಿಡಿಸಿ ಹಾಸಿ, ಕೂತು, “ಬೆಲ್ಲ ನೀರ್ ಕೊಡಿ ಅಮ್ಮಾ, ಬಾಯಾರ್ಕಿ” ಎಂದಳಂತೆ. ಕೊಟ್ಟರು.

ಇಷ್ಟು ಬರೆದ ಮೇಲೆ ನಿನಗೆ ಉತ್ತರ ತಿಳಿದಿರಬೇಕು. ಫಾರಮ್ಮನ್ನು ಸಹಿ ಮಾಡದೆ ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ನೀನು ಪೆನ್ಸಿಲಿನಿಂದ ಹಾಕಿದ ಗುರುತನ್ನು ರಬ್ಬರಿನಿಂದ ಉಜ್ಜಿದ್ದೇನೆ, ಬೇರೆ ಯಾರ ಸಹಿಗಾದರೂ ಬೇಕಾದೀತು ಎಂದು. ಮಾವನಿಗೆ ನಿನ್ನ ಮೇಲೆ ಪ್ರೀತಿಯಿಲ್ಲ ಎಂದು ಮಾತ್ರ ಇನ್ನೊಮ್ಮೆ ಬರೆಯಬೇಡ. ಸುಗುಣಳಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ದೊಡ್ಡವನ ಹಲ್ಲು ಬಿತ್ತೇ?

ಇಂತು, ನಿನ್ನ ಒಳ್ಳೆಯದನ್ನೇ ಬಯಸುವ ತಾಯಿ,
ಕುಸುಮಾವತಿ

ತಾ. ಕ. : ಲಕೋಟೆಗೆ ಅಂಟು ಹಚ್ಚಿದ ಮೇಲೆ ಮನಸ್ಸು ತಡೆಯದೆ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಒಂದು ಮಾತು ಮಾತ್ರ ಬಿಟ್ಟಿದ್ದೆ.

ಪಕ್ಷದವರಿಗೆ ನಿನ್ನ ಮಾವ ಮೊದಲು ಬರೆದದ್ದು ನಿನ್ನ ಹೆಸರನ್ನೇ. ಅಂಚೆಗೆ ಹಾಕುವ ಮೊದಲು ನನಗೆ ತಂದು ತೋರಿಸಿದ. “ನಮ್ ರಾಜೀವನ್ ಹೆಸ್ರ್ ಬರ್ದಿದೆ ಅಕ್ಕ, ಒಂದ್ ಸಲ ಕಾಣ್” ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷ ಸೇತುವೆಯ ದಿನವೂ ನಾನು ಕಂಡಿರಲಿಲ್ಲ. ಓದಿ, ರಾಜೀವ ಬೇಡ, ಜಲಜಳ ಹೆಸರು ಬರೆ ಎಂದೆ. ಎಂತಕ್ಕೆ ಅಕ್ಕ, ಎಂತಕ್ಕೆ ಎಂದು ಮೂರು ಸಲ ಕೇಳಿದ. ನಾನು ಹೇಳಲಿಲ್ಲ. ನೀನು ನನ್ನ ಮಾತು ಕೇಳಿ ಯಾವತ್ತಾದರೂ ಕೆಟ್ಟಿದ್ದೀಯಾ ಎಂದಷ್ಟೇ ಕೇಳಿದೆ. ಅವನು ಕಾಗದ ಹರಿದು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದ. ಆಮೇಲೆ ಬಂದು ಬೇರೆ ಬರೆದ. ನಿನ್ನ ಬೈಗುಳಕ್ಕೆಲ್ಲ ಹಕ್ಕುದಾರಳು ನಾನು. ಅದನ್ನು ಪಾಪ ಅವನ ತಲೆಗೆ ಕಟ್ಟಬೇಡ.

ನಿನ್ನೆ ಕುಂದಾಪುರದ ತಾಲೂಕು ಕಚೇರಿಯಲ್ಲಿ ಜಲಜಳ ನಾಮಪತ್ರ ಸಲ್ಲಿಕೆಯಾಯಿತು. ಸೂಚಕರ ಸಹಿ ನನ್ನದು. ಹಾಕುವಾಗ ನೀನು ನೆನಪಾದೆ.

ಇದನ್ನೆಲ್ಲ ಓದಿಯೂ ನೀನು ನಿಲ್ಲುವುದಾದರೆ ನಿಲ್ಲು. ಆದರೆ ಊರಿಗೆ ಬಂದರೆ ಬೇರೆಲ್ಲೂ ಇಳಿದುಕೊಳ್ಳಬೇಡ, ಮನೆಗೇ ಬಾ. ಬೆಳಿಗ್ಗೆ ನಿನಗೆ ಗಂಜಿ ಬಡಿಸಿ, ನೀನು ಉಂಡು ಎದ್ದ ಮೇಲೆ, ನಾನು ಜಲಜಳ ಜೊತೆ ಹೊರಡುತ್ತೇನೆ.